ಹೊರಗೆ ಹೋಗಿ ಕೂತವರು

14 ಜೂನ್ 2024, ಶುಕ್ರವಾರ

ಸಂದರ್ಶನ ಮುಗಿಯುವಾಗ ಐದು ಗಂಟೆ ದಾಟಿತ್ತು. ಮನೆಗೆ ಬಂದು ಚಾ ಕುಡಿದರೂ ಕಿರಿಕಿರಿ ಹೋಗಲಿಲ್ಲ.

ವಿಷಯ ಸಣ್ಣದು. ಅತಿಥಿ ಉಪನ್ಯಾಸಕರ ಆಯ್ಕೆಗೆ ನಾಲ್ವರು ಕೂತಿದ್ದೆವು. ನಮ್ಮಲ್ಲಿ ಒಬ್ಬರ ನಾದಿನಿಯೂ ಅರ್ಜಿ ಹಾಕಿದ್ದಳು. ಅವರು ಮುಚ್ಚಿಡಲಿಲ್ಲ, ಅದನ್ನು ಒಪ್ಪಲೇಬೇಕು. "ಅವಳು ಬರುವಾಗ ನಾನು ಹೊರಗೆ ಹೋಗಿ ಕೂತುಕೊಳ್ತೇನೆ, ನೀವು ಮೂವರೇ ಕೇಳಿ" ಎಂದರು. ಹಾಗೇ ಮಾಡಿದರು. ಅವಳು ಎದ್ದು ಹೋದ ಮೇಲೆ ಒಳಗೆ ಬಂದರು. ಉಳಿದವರಿಗೆಲ್ಲ ಪ್ರಶ್ನೆ ಕೇಳಿದರು, ಅಂಕ ಹಾಕಿದರು. ಕೊನೆಗೆ ಪಟ್ಟಿ ಮಾಡುವಾಗಲೂ ಜೊತೆಗಿದ್ದರು. ಅವಳ ಹೆಸರು ಮೊದಲು ಬಂತು. ಅವಳು ಚೆನ್ನಾಗಿಯೇ ಮಾತಾಡಿದ್ದಳು, ಅದೂ ನಿಜ. ಎಲ್ಲರೂ ಅವರನ್ನು ಎಷ್ಟು ನೇರ ಮನುಷ್ಯ ಅಂತ ಹೊಗಳಿದರು. ನನಗೆ ಯಾಕೋ ಸರಿ ಕಾಣಲಿಲ್ಲ. ಎಲ್ಲಿ ತಪ್ಪಿದೆ ಅಂತ ಕೇಳಿದರೆ ಹೇಳಲು ನನಗೂ ಬಾಯಿ ಬರುತ್ತಿರಲಿಲ್ಲ.

ಕಾರ್ಕಳಕ್ಕೆ, ಮಾವನಿಗೆ ಫೋನ್ ಮಾಡಿದೆ. ಅವರು ಕರಿ ಕೋಟು ಬಿಚ್ಚಿಟ್ಟು ಎಷ್ಟೋ ವರ್ಷವಾಯಿತು. ಆದರೂ ಕೇಸು ಅಂದರೆ ಸಾಕು, ದನಿಯೇ ಬದಲಾಗುತ್ತದೆ. ಮೊದಲು ಅಮ್ಮನ ಮೊಣಕಾಲು, ಆಮೇಲೆ ಮಳೆ, ಆಮೇಲೆ ಮೀನಿಲ್ಲದ ಊಟ. ಜೂನ್ ಅಲ್ವಾ, ಟ್ರಾಲಿಂಗ್ ಬಂದ್. ಇದ್ದ ಒಣಮೀನೂ ಮುಗಿಯಿತಂತೆ. ಕೊನೆಗೆ ನನ್ನ ಕತೆ ಪೂರ್ತಿ ಕೇಳಿ ಜೋರಾಗಿ ನಕ್ಕರು.

"ಇದು ಕ್ರೈಪಾಕ್ ಕೇಸಲ್ವಾ ಮಾರಾಯ್ತಿ! ಸಮಾ ಅದೇ."

ಮತ್ತೆ ಹೇಳಲು ಕೂತರು. 1966ರಲ್ಲಿ ಭಾರತೀಯ ಅರಣ್ಯ ಸೇವೆ ಹೊಸದಾಗಿ ಶುರುವಾದಾಗ ಆಯಾ ರಾಜ್ಯಗಳ ಅಧಿಕಾರಿಗಳಿಂದ ಜನರನ್ನು ಆರಿಸಬೇಕಿತ್ತು. ಜಮ್ಮು ಕಾಶ್ಮೀರದ ಆಯ್ಕೆ ಮಂಡಳಿಯಲ್ಲಿ ಅಲ್ಲಿನ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ನಕಿಷ್‌ಬಂದ್ ಕೂತಿದ್ದರು. ತಮಾಷೆ ಎಂದರೆ ಅವರೇ ಒಬ್ಬ ಅಭ್ಯರ್ಥಿ. ತನ್ನ ಹೆಸರು ಬಂದಾಗ ಮಾತ್ರ ಸಭೆಯಲ್ಲಿ ಇರಲಿಲ್ಲ. ಎದುರಾಳಿಗಳ ಹೆಸರು ಬಂದಾಗ ಇದ್ದರು. ಯಾರು ಮೇಲೆ ಯಾರು ಕೆಳಗೆ ಅಂತ ಪಟ್ಟಿ ಮಾಡುವಾಗಲೂ ಇದ್ದರು. ಪಟ್ಟಿಯಲ್ಲಿ ಮೊದಲ ಹೆಸರು ಅವರದ್ದೇ. ಅವರ ಜೊತೆ ಸ್ಪರ್ಧೆಯಲ್ಲಿದ್ದ ಹಿರಿಯ ಅಧಿಕಾರಿಗಳು ಹೊರಗೆ ಬಿದ್ದರು. ಕ್ರೈಪಾಕ್ ಮತ್ತಿತರ ಅಧಿಕಾರಿಗಳ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1969ರ ಏಪ್ರಿಲ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಇಡೀ ಆಯ್ಕೆಯನ್ನೇ ರದ್ದು ಮಾಡಿತು.

"ನಾದಿನಿಗೆ ಅಂಕ ಹಾಕಲಿಲ್ಲ, ಸರಿ. ಆದರೆ ಉಳಿದವರಿಗೆ ಹಾಕಿದ್ರಲ್ಲ? ಅವರಿಗೆ ಒಂದು ಅಂಕ ಕಡಿಮೆ ಹಾಕಿದ್ರೆ ನಾದಿನಿಗೆ ಒಂದು ಜಾಸ್ತಿ ಹಾಕಿದ ಹಾಗೇ ಅಲ್ವಾ? ಅವರು ಕೆಟ್ಟ ಬುದ್ಧಿಯಿಂದ ಹಾಗೆ ಮಾಡಿದ್ರು ಅಂತ ನೀನು ತೋರಿಸಬೇಕಾಗಿಲ್ಲ. ಮಾಡುವ ಸಾಧ್ಯತೆ ಉಂಟು ಅಂತ ನಾಲ್ಕು ಜನಕ್ಕೆ ಕಂಡರೆ ಸಾಕು."

ಸಂಜೆಯಿಂದ ನನ್ನ ಗಂಟಲಲ್ಲಿ ಸಿಕ್ಕಿಕೊಂಡದ್ದು ಇದೇ.

"ಆದರೆ ನಿನ್ನ ಖಾಸಗಿ ಕಾಲೇಜಿನ ಮೇಲೆ ರಿಟ್ ಗಿಟ್ ಅಂತೆಲ್ಲ ಹೈಕೋರ್ಟಿಗೆ ಹೊರಡಬೇಡ" ಅಂತ ಮತ್ತೆ ನಕ್ಕರು. ಆಮೇಲೆ ಕೇಳಿದರು, "ಈ ತೀರ್ಪು ಬರೆದದ್ದು ಯಾರು ಗೊತ್ತುಂಟಾ? ನಮ್ಮ ಕೌಡೂರಿನವರು."

ಕೆ.ಎಸ್. ಹೆಗ್ಡೆ. ಕೌಡೂರು ಸದಾನಂದ ಹೆಗ್ಡೆ. ನನಗೆ ಆ ಹೆಸರು ಗೊತ್ತಿದ್ದದ್ದು ದೇರಳಕಟ್ಟೆಯ ಆಸ್ಪತ್ರೆಯ ಬೋರ್ಡಿನಿಂದ. ನಮ್ಮ ಕಡೆಯ ಅರ್ಧ ಜನರದ್ದು ಇದೇ ಕತೆ. ನಿಟ್ಟೆಯಲ್ಲಿ ಓದಿದವರು, ದೇರಳಕಟ್ಟೆಯಲ್ಲಿ ಹೆತ್ತವರು. ಹೆಗ್ಡೆ ಅಂದರೆ ಒಂದು ಕಟ್ಟಡ. ಸ್ವಲ್ಪ ತಿಳಿದವರು ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ತಂದೆ ಅನ್ನುತ್ತಾರೆ, ಅಷ್ಟೇ. ಕಾಶ್ಮೀರದ ಕಾಡಿನ ಅಧಿಕಾರಿಗಳ ಜಗಳದಲ್ಲಿ ಇಡೀ ದೇಶದ ಕಚೇರಿಗಳಿಗೆ ಬುದ್ಧಿ ಹೇಳಿದವರು ಕಾರ್ಕಳ ತಾಲೂಕಿನವರು ಅಂತ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.

ಮೊದಲೆಲ್ಲ ಕೋರ್ಟು ಥರ ವಿಚಾರಣೆ ಮಾಡುವವರಿಗೆ ಒಂದು ನಿಯಮ, ಬರೀ ಆಡಳಿತದ ಕೆಲಸ ಮಾಡುವವರಿಗೆ ಇನ್ನೊಂದು ಅಂತ ಇತ್ತಂತೆ. ಆ ಗೆರೆ ತೆಳ್ಳಗಾಗಿದೆ, ಅಳಿಸಿ ಹೋಗುತ್ತಾ ಇದೆ ಅಂತ ಹೆಗ್ಡೆ ಬರೆದರು. ಇಬ್ಬರ ಗುರಿಯೂ ನ್ಯಾಯವಾದ ತೀರ್ಮಾನವೇ ಆಗಿದ್ದರೆ ನಿಯಮ ಯಾಕೆ ಬೇರೆ? ಹೇಳಿದ ಮೇಲೆ ಎಷ್ಟು ಸುಲಭ ಅನಿಸುತ್ತದೆ.

ಇಲ್ಲಿಗೆ ಕರೆಂಟು ಹೋಯಿತು. ಬೆಂಕಿಪೊಟ್ಟಣ ಹುಡುಕುವಾಗ ಅಮ್ಮನ ಬೈಗುಳ. ಅನ್ನ ಅರ್ಧ ಬೆಂದಿತ್ತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಗ್ಯಾಸ್ ಸಣ್ಣ ಮಾಡಿದೆ. ಮಾವ ಅಷ್ಟರಲ್ಲಿ 1973ಕ್ಕೆ ಹೋಗಿ ಆಗಿತ್ತು.

ಆ ವರ್ಷ ಏಪ್ರಿಲ್ 24ಕ್ಕೆ ಕೇಶವಾನಂದ ಭಾರತಿ ತೀರ್ಪು. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು ಕೇರಳದ ಭೂ ಕಾನೂನಿನ ಮೇಲೆ ಹಾಕಿದ ಕೇಸು. ಹದಿಮೂರು ನ್ಯಾಯಮೂರ್ತಿಗಳು, 68 ದಿನದ ವಾದ. ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವ ಹಾಗಿಲ್ಲ ಅಂತ 7–6ರಲ್ಲಿ ತೀರ್ಮಾನ. ಆ ಏಳರಲ್ಲಿ ಹೆಗ್ಡೆ ಒಬ್ಬರು. ಯಕ್ಷಗಾನದ ಎಡನೀರಿನ ಸ್ವಾಮಿಗಳ ಕೇಸಿಗೆ ದೆಹಲಿಯಲ್ಲಿ ಕೌಡೂರಿನ ನ್ಯಾಯಮೂರ್ತಿ. ಎರಡೂ ಊರು ನಮ್ಮ ಬಸ್ಸಿನ ದಾರಿಯವೇ ಅಲ್ವಾ ಅನಿಸಿ ಸುಮ್ನೆ ಖುಷಿಯಾಯಿತು.

ಮಾರನೇ ದಿನ ಮುಖ್ಯ ನ್ಯಾಯಮೂರ್ತಿ ಸಿಕ್ರಿ ನಿವೃತ್ತರು. ಹಿರಿತನದ ಪ್ರಕಾರ ಮುಂದೆ ಶೆಲಟ್, ಆಮೇಲೆ ಹೆಗ್ಡೆ, ಆಮೇಲೆ ಗ್ರೋವರ್. ಸರ್ಕಾರ ಮೂವರನ್ನೂ ದಾಟಿ ನಾಲ್ಕನೆಯವರಾದ ಎ.ಎನ್. ರೇ ಅವರನ್ನು ಕೂರಿಸಿತು. ಮೂವರೂ ಸರ್ಕಾರದ ವಿರುದ್ಧ ತೀರ್ಪು ಕೊಟ್ಟವರು. ರೇ ಆ ಆರರಲ್ಲಿ ಒಬ್ಬರು. ಹೆಗ್ಡೆ ಏಪ್ರಿಲ್ 30ಕ್ಕೆ ರಾಜೀನಾಮೆ ಕೊಟ್ಟರು. ಉಳಿದ ಇಬ್ಬರೂ ಕೊಟ್ಟರು.

ಹೆಗ್ಡೆಯವರ ಮೇಲೆ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು ಅಂತ ಮಾವನ ವಾದ. ಇಂದಿರಾ ಗಾಂಧಿಯವರ ಚುನಾವಣೆಯ ಮೇಲೆ ರಾಜ್ ನಾರಾಯಣ್ ತಕರಾರು ಹಾಕಿದ್ದರಲ್ಲ, ಅದರಲ್ಲಿ ಹೈಕೋರ್ಟ್ ಬದಿಗೆ ಸರಿಸಿದ್ದ ಕೆಲವು ವಿಷಯಗಳನ್ನು 1972ರಲ್ಲಿ ಹೆಗ್ಡೆಯವರಿದ್ದ ಪೀಠ ಮತ್ತೆ ವಿಚಾರಣೆಗೆ ತಂದಿತು. ಅದೇ ಕೇಸಿನಲ್ಲಿ ಮುಂದೆ 1975ರ ಜೂನ್ 12ಕ್ಕೆ ಅಲಹಾಬಾದ್ ಹೈಕೋರ್ಟು ಇಂದಿರಾ ಅವರ ಚುನಾವಣೆಯನ್ನೇ ರದ್ದು ಮಾಡಿದ್ದು ಎಲ್ಲರಿಗೂ ಗೊತ್ತು.

"ಬಿಟ್ಟು ಹೋದದ್ದು ಸರಿಯಾ ಮಾವ?" ಅಂತ ಕೇಳಿದೆ.

"ಮತ್ತೆಂತ ಮಾಡ್ಬೇಕಿತ್ತು? ತನ್ನ ಕೈಕೆಳಗಿದ್ದವರ ಕೈಕೆಳಗೆ ಕೂರ್ಬೇಕಿತ್ತಾ?"

"ಗೌರವ ಉಳಿಯಿತು, ಒಪ್ಪಿದೆ. ಆದರೆ ಗ್ರೋವರ್ ಅವರಿಗೆ 1977ರವರೆಗೆ ಅವಧಿ ಇತ್ತಲ್ಲ? 1976ರಲ್ಲಿ, ತುರ್ತು ಪರಿಸ್ಥಿತಿಯಲ್ಲಿ, ವಿಚಾರಣೆ ಇಲ್ಲದೆ ಜೈಲಿನಲ್ಲಿದ್ದವರಿಗೆ ಕೋರ್ಟಿಗೆ ಬರುವ ಹಕ್ಕೇ ಇಲ್ಲ ಅಂತ ತೀರ್ಪು ಬಂದಾಗ ವಿರುದ್ಧ ಬರೆದದ್ದು ನ್ಯಾಯಮೂರ್ತಿ ಖನ್ನಾ ಒಬ್ಬರೇ. ಅವರ ಜೊತೆ ಇನ್ನೊಬ್ಬರಾದರೂ ಇರುತ್ತಿದ್ದರು."

ಮಾವ ಸ್ವಲ್ಪ ಹೊತ್ತು ಸುಮ್ಮನಾದರು. "ಪೀಠ ಮಾಡುವುದು ಮುಖ್ಯ ನ್ಯಾಯಮೂರ್ತಿ. ಅವರನ್ನು ಅದಕ್ಕೆ ಹಾಕ್ತಿದ್ರು ಅಂತ ಯಾರು ಹೇಳಿದ್ದು ನಿನಗೆ?" ಉತ್ತರ ಗಟ್ಟಿಯಿದ್ದರೂ ದನಿ ಗಟ್ಟಿ ಇರಲಿಲ್ಲ.

ಹೆಗ್ಡೆಯವರಿಗೆ ಮುಖ್ಯ ನ್ಯಾಯಮೂರ್ತಿಯಾಗುವ ಸರದಿ ಬಂದಿದ್ದರೂ 1973ರ ಜುಲೈಯಿಂದ 1974ರ ಜೂನ್‌ವರೆಗೆ, ಒಂದು ವರ್ಷಕ್ಕೂ ಕಡಿಮೆ. ತುರ್ತು ಪರಿಸ್ಥಿತಿ ಬರುವಾಗ ಹೇಗೂ ನಿವೃತ್ತರಾಗಿರುತ್ತಿದ್ದರು. ಕರ್ನಾಟಕದವರೊಬ್ಬರು ಮೊದಲ ಸಲ ಆ ಕುರ್ಚಿಯಲ್ಲಿ ಕೂತದ್ದು 1989ರಲ್ಲಿ, ಪಾಂಡವಪುರ ಕಡೆಯ ಇ.ಎಸ್. ವೆಂಕಟರಾಮಯ್ಯನವರು. ಅದೂ ಆರು ತಿಂಗಳು.

ಊಟವಾಯಿತು. ಅನ್ನ, ಹಲಸಿನ ಬೀಜದ ಸಾರು, ಹಪ್ಪಳ. ಅಮ್ಮ ಮಲಗಿದಳು. ಕರೆಂಟು ಬಂತು. ನನಗೆ ಈಗ ಬೇರೆಯೇ ಹುಳ ಹೊಕ್ಕಿದೆ.

ಮಾವ ಹೇಳುತ್ತಾ ಹೇಳುತ್ತಾ ಬೇಗ ದಾಟಿದ ಒಂದು ವಿಷಯ ಉಂಟು. ಹೆಗ್ಡೆ 1952ರಿಂದ ರಾಜ್ಯಸಭೆಯಲ್ಲಿ ಇದ್ದರು, ಕಾಂಗ್ರೆಸ್ಸಿನಿಂದ. 1957ರಲ್ಲಿ ಅಲ್ಲಿಂದ ಎದ್ದು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. 1966ರಲ್ಲಿ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ, ಮರುವರ್ಷ ಸುಪ್ರೀಂ ಕೋರ್ಟು. ಇವತ್ತು ಯಾವನಾದರೂ ಸಂಸದ ಹೀಗೆ ನೇರ ಹೋಗಿ ಹೈಕೋರ್ಟಿನಲ್ಲಿ ಕೂತರೆ ಮೊದಲು ಬೈಯುವವಳು ನಾನೇ. ಎಲ್ಲಿಂದ ಬಂದ, ಯಾರು ಕಳಿಸಿದರು ಅಂತ ಕೇಳದೆ ಬಿಡುತ್ತೇನಾ? ಆದರೆ ಕಳಿಸಿದ ಪಕ್ಷದ ಸರ್ಕಾರವೇ ಕೊನೆಗೆ ಇವರನ್ನು ದಾಟಿ ಹೋಯಿತು. ಬ್ಯಾಂಕ್ ರಾಷ್ಟ್ರೀಕರಣ, ಹಳೇ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ, ಕೇಶವಾನಂದ, ಒಂದರಲ್ಲೂ ಇವರು ಸರ್ಕಾರದ ಕಡೆ ಕೂರಲಿಲ್ಲ. ಹಾಗಾದರೆ ಬಂದ ದಾರಿ ನೋಡಬೇಕಾ, ಮಾಡಿದ ಕೆಲಸ ನೋಡಬೇಕಾ? ಕೆಲಸ ನೋಡೋಣ ಅಂದರೆ ಕ್ರೈಪಾಕ್ ಬಿದ್ದುಹೋಗುತ್ತದೆ. ಅದು ಹೇಳುವುದೇ ಕೆಲಸ ಆಮೇಲೆ, ಮೊದಲು ಯಾರು ಎಲ್ಲಿ ಕೂತಿದ್ದಾರೆ ನೋಡು ಅಂತ. ನಕಿಷ್‌ಬಂದ್ ಒಳ್ಳೆಯ ಅಧಿಕಾರಿಯೇ ಇದ್ದಿರಬಹುದು. ಆ ಪಟ್ಟಿಯಲ್ಲಿ ಆಯ್ಕೆಯಾಗಿದ್ದ ಉಳಿದವರು ಯಾರ ಪಕ್ಕದಲ್ಲೂ ಕೂತವರಲ್ಲ. ಅವರ ಆಯ್ಕೆಯೂ ಹೋಯಿತು.

1977ರ ಕತೆ ಇನ್ನೂ ಗೋಜಲು. ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣಕ್ಕೆ ನಿಂತು ಗೆದ್ದರು. ಕರ್ನಾಟಕದ 28ರಲ್ಲಿ ಜನತಾಗೆ ಸಿಕ್ಕಿದ್ದು ಎರಡೇ, ಇವರದ್ದು ಒಂದು, ಹಾಸನ ಒಂದು. ಜುಲೈಯಲ್ಲಿ ಸಂಜೀವ ರೆಡ್ಡಿ ರಾಷ್ಟ್ರಪತಿಯಾಗಲು ಹೊರಟಾಗ ಲೋಕಸಭೆಯ ಸ್ಪೀಕರ್ ಕುರ್ಚಿ ಇವರಿಗೆ ಬಂತು. 1979ರಲ್ಲಿ ಮೊರಾರ್ಜಿ ಸರ್ಕಾರ ಕಣ್ಣೆದುರೇ ಒಡೆಯುವಾಗ ಆ ಕುರ್ಚಿಯಲ್ಲಿ ಇವರೇ. ಒಡೆಯುತ್ತಿರುವುದು ತನ್ನನ್ನು ಗೆಲ್ಲಿಸಿದ ಪಕ್ಷ. ಆ ಕುರ್ಚಿಯಲ್ಲಿ ಕೂತವರು, ನನ್ನವರ ಸರದಿ ಬಂತು, ನಾನು ಹೊರಗೆ ಹೋಗಿ ಕೂತುಕೊಳ್ತೇನೆ ಅನ್ನುವ ಹಾಗಿಲ್ಲ.

ಈಗಂತೂ ಪಕ್ಷ ಬಿಟ್ಟವರ ಹಣೆಬರಹ ಬರೆಯುವವರೂ ಸ್ಪೀಕರೇ. 2019ರಲ್ಲಿ ನಮ್ಮಲ್ಲೇ 17 ಶಾಸಕರು ಅನರ್ಹರಾದರಲ್ಲ. ಯಾವ ಸ್ಪೀಕರ್ ಆದರೂ ಒಂದು ಪಕ್ಷದ ಚೀಟಿಯಲ್ಲಿ ಗೆದ್ದವರೇ. ಅರಣ್ಯ ಇಲಾಖೆಯ ಪಟ್ಟಿಗೆ ಬೇಡವಾದದ್ದು ವಿಧಾನಸಭೆಗೆ ಹೇಗೆ ನಡೆಯುತ್ತದೆ? ಹೆಗ್ಡೆಯವರಿಗೆ ಅಲ್ಲಿ ಕೂತಾಗ ತಾನೇ ಬರೆದದ್ದು ನೆನಪಾಗಿರಬೇಕಲ್ವಾ, ಆಗಿದ್ದರೆ…