ಮೂರನೇ ನಿಂಬೆ ಗಿಡ

ಸತ್ತುಹೋದ ಎರಡನೇ ನಿಂಬೆ ಗಿಡವನ್ನು ಎಸೆಯುವ ಮುಂಚೆ ಕುಂಡ ಬೋರಲು ಹಾಕಿ ಬೇರು ನೋಡಿದೆ. ನಾನು ತುಂಬಿದ್ದ ಮಣ್ಣು ಒದ್ದೆಯಾಗೇ ಇತ್ತು. ನಡುವೆ ಮಾತ್ರ ತೆಂಗಿನಕಾಯಿ ಗಾತ್ರದ ಜೇಡಿಮಣ್ಣಿನ ಉಂಡೆ, ಒಣಗಿ ಕಲ್ಲಾಗಿತ್ತು. ಬೇರುಗಳೆಲ್ಲ ಅದರೊಳಗೇ. ದಿನಾ ಎರಡು ಚೆಂಬು ನೀರು ಹಾಕಿದ್ದೆನಲ್ಲ, ಅದು ಉಂಡೆಯ ಪಕ್ಕದಿಂದ ಜಾರಿ ಕೆಳಗಿನ ತೂತಿನಲ್ಲಿ ಹೋಗಿತ್ತು.

ಆ ಗಿಡ ಆಂಧ್ರದ ಕಡಿಯಂನದು ಅಂತ ಮಾರಿದವನೇ ಹೇಳಿದ್ದ. ರಾಜಮಹೇಂದ್ರಿ ಹತ್ತಿರದ ಊರು, ಊರಿಗೆ ಊರೇ ನರ್ಸರಿ. ಗೋದಾವರಿ ಬಯಲಿನ ತೇವದ ಗಾಳಿಯಲ್ಲಿ ಬೆಳೆದದ್ದನ್ನು ತಂದು ಬಳ್ಳಾರಿಯ ತಾರಸಿ ಮೇಲೆ, ನಲವತ್ತು ಡಿಗ್ರಿಗೆ ನಿಲ್ಲಿಸಿದ್ದೆ. ತಪ್ಪು ಗಿಡದ್ದಲ್ಲ ಬಿಡಿ.

ಈ ಸಲ ನಮ್ಮ ಕಡೆಯಲ್ಲೇ ಬೆಳೆದ ಗಿಡ ಹುಡುಕೋಣ ಅಂತ ಏಪ್ರಿಲ್ ಕೊನೆಯ ಭಾನುವಾರ ಬೆಳಿಗ್ಗೆ ಆರಕ್ಕೆ ಹಳೇ ಆಲ್ಟೊ ಕಾರು ಹತ್ತಿದೆವು. ಹೊಸಪೇಟೆ ದಾಟಿ, ಮುನಿರಾಬಾದ್ ಮೇಲೆ ಕೊಪ್ಪಳದ ತನಕ, ದಾರಿಯಲ್ಲಿ ನರ್ಸರಿಯ ಹಸಿರು ನೆರಳುಬಲೆ ಕಂಡಲ್ಲೆಲ್ಲ ನಿಲ್ಲಿಸುವುದು ಅಂತ ಮಾತಾಗಿತ್ತು. ಹೊಸಪೇಟೆಯಲ್ಲಿ ಒಗ್ಗರಣೆ ಮಿರ್ಚಿ ತಿನ್ನಿಸಿದರೆ ನಮ್ಮವರು ಎಲ್ಲಿಗೆ ಬೇಕಾದರೂ ಗಾಡಿ ಓಡಿಸುತ್ತಾರೆ.

ಮೊದಲ ಎರಡು ನರ್ಸರಿ ಬಗ್ಗೆ ಹೇಳುವಂಥದ್ದೇನಿಲ್ಲ. ಬರೀ ಬಣ್ಣ ಬಳಿದ ಕುಂಡಗಳು, ಹುಲ್ಲುಹಾಸು, ಫೈಕಸ್. ಮೂರನೆಯದು ರಸ್ತೆಯಿಂದ ಒಳಗೆ, ಬೇವಿನ ಮರದ ಬುಡದಲ್ಲಿ. ಬೋರ್ಡೂ ಇಲ್ಲ. ಅಲ್ಲಿನ ಅಜ್ಜ ಕಪ್ಪು ಪಾಕೀಟಿಗೆ ಕೆಂಪು ಮಸಾರಿ ಮಣ್ಣು ತುಂಬುತ್ತ ಕೂತಿದ್ದರು.

"ನಿಂಬಿ ಕಸಿದ್ದೋ ಬೀಜದ್ದೋ ಅಜ್ಜಾರ?"

"ಬೀಜದ್ದರೀ. ನಿಂಬಿ ಬೀಜದಾಗ ಬಂದ್ರೂ ಬಹಳ ಮಾಡಿ ತಾಯಿ ಹಂಗ ಇರತೈತಿ. ಮಾವಿಗೆ ಈ ಮಾತು ನಂಬಬ್ಯಾಡ್ರಿ."

ಆಮೇಲೆ ಅರ್ಧ ಗಂಟೆ ಪಾಠ. ಕಸಿ ಗಿಡವಾದರೆ ಕಸಿ ಕಟ್ಟಿದ ಗಂಟಿನ ಕೆಳಗೆ ಒಡೆದ ಚಿಗುರನ್ನು ಚಿವುಟಬೇಕು, ಇಲ್ಲದಿದ್ದರೆ ಅದೇ ಬೆಳೆದು ಮೇಲಿನದು ಸೊರಗುತ್ತದೆ. ಪಾಕೀಟಿನ ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ಆ ಗಿಡ ಬಿಟ್ಟುಬಿಡಬೇಕು. ಜೇಡಿ ಉಂಡೆಯ ಗಿಡವೇ ಸಿಕ್ಕರೆ ಬಕೆಟ್ ನೀರಲ್ಲಿ ಅದ್ದಿಟ್ಟು, ಹೊರಗಿನ ಜೇಡಿಯನ್ನು ಕೈಯಲ್ಲೇ ಸಡಿಲಿಸಿ ಆಮೇಲೆ ನೆಡಬೇಕು. ಇದನ್ನು ಎರಡು ಗಿಡ ಕೊಂದ ಮೇಲೆ ಕೇಳಿಸಿಕೊಂಡೆ! ದಾಳಿಂಬೆ ಸಸಿ ಕೇಳಿದ್ದಕ್ಕೆ ಮಾತ್ರ ಅಜ್ಜ ತಲೆ ಅಲ್ಲಾಡಿಸಿದರು. ದುಂಡಾಣು ಅಂಗಮಾರಿ ರೋಗ ಸಸಿಯ ಜೊತೆಗೇ ತೋಟಕ್ಕೆ ಬರುತ್ತದೆ, ಹಾಗಾಗಿ ಅದನ್ನು ಮಾಡುವುದೇ ಬಿಟ್ಟಿದ್ದಾರಂತೆ.

ನಿಂಬೆಯನ್ನೂ ಸುಲಭಕ್ಕೆ ಕೊಡಲಿಲ್ಲ. "ಈಗ ಒಯ್ಯಬ್ಯಾಡ್ರಿ ಅಕ್ಕಾರ, ಒಂದೆರಡು ಮಳಿ ಬೀಳಲಿ." ತೊಂಬತ್ತು ಕಿಲೋಮೀಟರ್ ಬಂದವಳು ನಾನು, ಬರಿಗೈಲಿ ಹೋಗುತ್ತೇನೆಯೇ? ಕೊನೆಗೆ ಬಲೆಯ ಹೊರಗೆ ಬಿಸಿಲಿನಲ್ಲೇ ನಿಂತಿದ್ದ, ಎಲೆ ಚಿಕ್ಕದಾಗಿ ದಪ್ಪಗಿದ್ದ ಒಂದನ್ನು ಆರಿಸಿಕೊಟ್ಟರು. ನೋಡಲು ಬಡಕಲು. ನಾನಾಗಿದ್ದರೆ ಅದನ್ನು ಮುಟ್ಟುತ್ತಿರಲಿಲ್ಲ.

ಬರುವಾಗ ಅದು ನನ್ನ ಕಾಲ ಬಳಿ, ಒದ್ದೆ ಗೋಣಿಚೀಲದಲ್ಲಿ. ಕಿಟಕಿ ಏರಿಸಿಯೇ ಬಂದೆವು, ಬಿಸಿಗಾಳಿ ಬಡಿದರೆ ಎಲೆ ಸುಟ್ಟುಹೋಗುತ್ತದೆ. ಆಲ್ಟೊದ ಎಸಿ ಹೋಗಿ ಎರಡು ವರ್ಷ.

"ಗಿಡಕ್ಕ ಗಾಳಿ ಬಡಿಬಾರದು, ನಾವು ಬೆಂದ್ರೂ ನಡಿತೈತಿ," ಅಂದರು ನಮ್ಮವರು, ಕುಡಿತಿನಿ ದಾಟುವಾಗ ಬೆವರು ಒರೆಸಿಕೊಳ್ಳುತ್ತ.

ಈಗ ಮೂರು ವಾರವಾಯಿತು. ಎರಡು ಎಲೆ ಉದುರಿವೆ, ಒಂದು ಚಿಗುರು ಬಂದಿದೆ. ಕಾರಿನ ಮ್ಯಾಟಿನ ಕೆಂಪು ಮಣ್ಣು ಇನ್ನೂ ಹೋಗಿಲ್ಲ. ಮಳೆ ಬಿದ್ದ ಮೇಲೆ ಸಿಂಧನೂರು ಮೇಲೆ ರಾಯಚೂರಿನ ಕಡೆ ಹೋಗುವ ಯೋಚನೆ ಇದೆ, ಮನೆಯಲ್ಲಿ ಇನ್ನೂ ಬಾಯಿಬಿಟ್ಟಿಲ್ಲ.