ತುಂಡು ತಂತಿಗಳು
ಇಂದು ಮಧ್ಯಾಹ್ನವೆಲ್ಲ ಚಿಪ್ ಲೇಔಟ್‌ನಲ್ಲಿ, ಅಂದರೆ ಚಿಪ್‌ನ ವಿನ್ಯಾಸದ ನಕ್ಷೆಯಲ್ಲಿ, ಉಳಿದುಹೋದ ತುಂಡು ತಂತಿಗಳನ್ನು ತೆಗೆಯುವುದರಲ್ಲೇ ಕಳೆಯಿತು. ಕೆಲವು ಸೆಲ್‌ಗಳನ್ನು, ಅಂದರೆ ಸಣ್ಣ ಸರ್ಕ್ಯೂಟ್ ತುಣುಕುಗಳನ್ನು, ಸರಿಸಿ ಹೊಸದಾಗಿ ರೂಟಿಂಗ್ ಮಾಡಿದ್ದೆವು, ಅವುಗಳ ನಡುವೆ ತಂತಿಗಳನ್ನು ಮತ್ತೆ ಎಳೆದಿದ್ದೆವು. ಹಳೆಯ ದಾರಿಯ ಲೋಹದ ಚೂರುಗಳು, ಲೋಹದ ಪದರಗಳನ್ನು ಜೋಡಿಸಬೇಕಾದರೂ ಈಗ ಯಾವುದಕ್ಕೂ ಸೇರದ ವಯಾಗಳು ಹಾಗೆಯೇ ಬಿದ್ದಿದ್ದವು. ಒಂದೇ ಏಟಿಗೆ ಅಳಿಸಲು ನನಗೆ ಧೈರ್ಯ ಬರುವುದಿಲ್ಲ. ಒಂಟಿಯಾಗಿ ಕಾಣುವ ಚೂರು ಪದರದಲ್ಲಿ ಲೋಹ ಸಮನಾಗಿ ಹರಡಿರಲೆಂದು ಬೇಕೆಂದೇ ತುಂಬಿದ ಫಿಲ್ ಲೋಹವೂ ಆಗಿರಬಹುದು.

ಒಂದು ತುದಿ ನೆಟ್‌ಗೆ, ಅಂದರೆ ಸಿಗ್ನಲ್ ಹರಿಯುವ ಜೋಡಣೆಗೆ, ಅಂಟಿಕೊಂಡು, ಇನ್ನೊಂದು ತುದಿ ಎಲ್ಲಿಗೂ ಹೋಗದ ತಂತಿ ಸುಮ್ಮನಿರುವುದಿಲ್ಲ. ಕೆಪಾಸಿಟೆನ್ಸ್, ಅಂದರೆ ವಿದ್ಯುದಾವೇಶ ತುಂಬಿಕೊಳ್ಳುವ ಗುಣ, ಕೂಡಿಸಿ ಸಿಗ್ನಲ್ ಅನ್ನು ತಡಮಾಡುತ್ತದೆ. ಮಂಡ್ಯದ ನಮ್ಮ ಗದ್ದೆಯ ಪಕ್ಕ ಇಂಥದೇ ಒಂದು ಮೊಂಡು ಕಾಲುವೆ ಇತ್ತು. ನಾಲೆಯಲ್ಲಿ ನೀರು ಬಿಟ್ಟರೆ ಮೊದಲು ಅದು ತುಂಬಬೇಕು, ಆಮೇಲೆ ಕಬ್ಬಿಗೆ. ಅಪ್ಪ ಗುದ್ದಲಿ ಹಿಡಿದು ಅದರ ಬಾಯಿ ಮುಚ್ಚುತ್ತಿದ್ದರು.

ಸಂಜೆ ಡಿಆರ್‌ಸಿಯಲ್ಲಿ, ಅಂದರೆ ಲೇಔಟ್ ನಿಯಮಗಳ ಪ್ರಕಾರ ಇದೆಯೇ ಎಂಬ ತಪಾಸಣೆಯಲ್ಲಿ, ಒಂದು ದೋಷವೂ ಉಳಿಯಲಿಲ್ಲ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ.