450 ಬೇಕಿತ್ತು, 129 ಸಾಕು ಅಂದರು

ಬೆಳಗಾವಿ ಕ್ಯಾಂಪ್ ಸುತ್ತ ಬೆಳೆದವರಿಗೆ ಸೈನ್ಯ ಅಂದರೆ ಮೊದಲು ಕಣ್ಣಿಗೆ ಬರುವುದು ಕಾಲ್ದಳ. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇರುವ ಊರು, ಸಹಜ. ಆದರೆ ಸೇನಾಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನದ ಗುಂಪು ಚರ್ಚೆಯಲ್ಲಿ, ರಕ್ಷಣೆಯಲ್ಲಿ ಯಾವುದಕ್ಕೆ ಮೊದಲ ಆದ್ಯತೆ ಅಂದರೆ ನಮ್ಮ ಹುಡುಗರು ‘ಎಲ್ಲಾ ಗಡಿಯೂ ಮುಖ್ಯ’ ಅಂದು ಮುಗಿಸುವುದು ನನಗೆ ಬೇಸರ. ಅಂಥವರು ಆಸ್ಟ್ರೇಲಿಯಾದ ಲೆಕ್ಕ ನೋಡಬೇಕು. ಜನಸಂಖ್ಯೆ ಕರ್ನಾಟಕದ ಅರ್ಧಕ್ಕಿಂತ ಕಡಿಮೆ, ನೆಲ ಭಾರತದ ಎರಡು ಪಟ್ಟಿಗಿಂತ ಹೆಚ್ಚು. ಎಲ್ಲಾ ಕಡೆ ಕಾವಲು ಹಾಕಲು ಆಳೇ ಇಲ್ಲ.

ಅವರು ಮೊದಲು ಹಿಡಿದದ್ದು ಕಾಲದ ಲೆಕ್ಕ. ದೊಡ್ಡ ದಾಳಿಗೆ ಮುಂಚೆ 10 ವರ್ಷವಾದರೂ ಸುಳಿವು ಸಿಗುತ್ತದೆ ಎಂಬ ನಂಬಿಕೆಯನ್ನು 2020ರಲ್ಲಿ ಕೈಬಿಟ್ಟರು. ಆಮೇಲೆ ಜಾಗ. ಈಶಾನ್ಯ ಹಿಂದೂ ಮಹಾಸಾಗರ, ಆಗ್ನೇಯ ಏಷ್ಯಾದ ಕಡಲು, ಪೆಸಿಫಿಕ್: ಇಷ್ಟಕ್ಕೆ ಗೆರೆ ಎಳೆದರು. ಇಂಧನದ ಬಹುಪಾಲು ಹಡಗಿನಲ್ಲಿ ಬರುವ ದೇಶವನ್ನು ಹಣಿಯಲು ವೈರಿ ದಡಕ್ಕೆ ಇಳಿಯಬೇಕಿಲ್ಲ, ಹಡಗು ತಡೆದರೆ ಸಾಕು. ಹಾಗಾಗಿ ಅವನನ್ನು ದೂರದ ಕಡಲಲ್ಲೇ ನಿಲ್ಲಿಸಬೇಕು.

2023ರ ರಕ್ಷಣಾ ಪರಾಮರ್ಶೆಯಲ್ಲಿ ಕತ್ತರಿ ಬಿದ್ದದ್ದು ಭೂಸೇನೆಗೆ. ಸೈನಿಕರನ್ನು ಒಯ್ಯುವ, ವಿಯೆಟ್ನಾಂ ಯುದ್ಧ ಕಾಲದ ಎಂ113 ಕವಚ ಗಾಡಿಗಳ ಜಾಗಕ್ಕೆ 450 ಹೊಸ ಯುದ್ಧವಾಹನ ಬರಬೇಕಿತ್ತು. 129ಕ್ಕೆ ಇಳಿಯಿತು, ಒಂದು ಯಾಂತ್ರೀಕೃತ ಬೆಟಾಲಿಯನ್‌ಗೆ ಆಗುವಷ್ಟು. ತಾವೇ ಓಡುವ ಕವಚ ಗಾಡಿಯ ಮೇಲಿನ ಫಿರಂಗಿಗಳ ಎರಡನೇ ರೆಜಿಮೆಂಟ್ ರದ್ದಾಯಿತು. ಟ್ರಕ್ಕಿನ ಮೇಲಿಂದ ಹಾರಿಸುವ ಹೈಮಾರ್ಸ್ ರಾಕೆಟ್‌ಗಳನ್ನೂ ದಡಕ್ಕೆ ಸಾಮಾನು ಇಳಿಸುವ ದೋಣಿಗಳನ್ನೂ ಮುಂಚಿತವಾಗಿ ತರಿಸಲು ಹೇಳಿದರು. ಫಿರಂಗಿಯ ಹೊಡೆತ ಸುಮಾರು 40 ಕಿ.ಮೀ., ಬೆಳಗಾವಿಯಿಂದ ನೇರ ಗೆರೆ ಹಾಕಿದರೆ ಬೈಲಹೊಂಗಲದ ಆಸುಪಾಸು. ಹೈಮಾರ್ಸ್‌ನಿಂದ ಹಾರುವ ಹೊಸ ಕ್ಷಿಪಣಿ ಸುಮಾರು 500 ಕಿ.ಮೀ. ಹೋಗುತ್ತದೆ, ಬೆಂಗಳೂರನ್ನೇ ದಾಟುತ್ತದೆ. ನಡುಗಡ್ಡೆಯ ಮೇಲೆ ನಿಂತು ಹಡಗು ಹೊಡೆಯಬೇಕಾದವನಿಗೆ ಯಾವುದು ಬೇಕು ಅಂತ ಹೇಳಬೇಕಿಲ್ಲ.

ನನಗೆ ಆತಂಕ ಇರುವುದು ಜಲಾಂತರ್ಗಾಮಿಗಳ ವಿಷಯದಲ್ಲಿ. ಅಮೆರಿಕ, ಬ್ರಿಟನ್ ಜೊತೆ 2021ರಲ್ಲಿ ಮಾಡಿಕೊಂಡ ಆಕಸ್ ಒಪ್ಪಂದದ ಅಣುಶಕ್ತಿಯ ಮೊದಲ ನೌಕೆ ಕೈಗೆ ಬರುವುದು 2030ರ ದಶಕದ ಆರಂಭಕ್ಕೆ. ಅಲ್ಲಿಯವರೆಗೆ ಇರುವ 6 ಕಾಲಿನ್ಸ್ ಡೀಸೆಲ್ ಜಲಾಂತರ್ಗಾಮಿಗಳನ್ನೇ ದುಡಿಸಬೇಕು. ಮೊದಲನೆಯದು ಸೇವೆಗೆ ಸೇರಿದ್ದು 1996ರಲ್ಲಿ. ಆಯುಷ್ಯ ಹೆಚ್ಚಿಸಲು ಒಂದನ್ನು ದುರಸ್ತಿಗೆ ಏರಿಸಿದರೆ ಅಷ್ಟು ಕಾಲ ಕಡಲಲ್ಲಿ ಒಂದು ಕಡಿಮೆ. ಹೊಸದಕ್ಕೆ ನಾವಿಕರನ್ನು ತಯಾರು ಮಾಡಬೇಕೆಂದರೂ ಹಳೆಯದು ನೀರಲ್ಲಿ ಇರಬೇಕು. ಸುಳಿವಿನ 10 ವರ್ಷ ಇಲ್ಲ ಅಂತ ಅವರೇ ಬರೆದ ಕಾಲಕ್ಕೇ ಈ ಸಂದು ಬಂದು ಕೂತಿದೆ.